ಜಿಎಕ್ಸ್ 160 ಎಂಜಿನ್ನಿನ ಹೆಡ್ ಕೆಲಸ: ಮೊದಲು ಗೈಡು, ಆಮೇಲೆ ಸೀಟು

ಅಡಿಕೆ ತೋಟಕ್ಕೆ ಬೋರ್ಡೊ ದ್ರಾವಣ ಹೊಡೆಯುವ ಎಚ್‌ಟಿಪಿ ಪಂಪು, ಕಳೆ ತೆಗೆಯುವ ವೀಡರ್, ಮನೆ ಕಟ್ಟುವಲ್ಲಿಯ ಕಾಂಕ್ರೀಟ್ ವೈಬ್ರೇಟರ್, ಇವುಗಳ ಮೇಲೆ ಬಹಳ ಕಡೆ ಕೂತಿರುವುದು ಹೋಂಡಾ ಜಿಎಕ್ಸ್ 160, ಇಲ್ಲವೇ ಅದೇ ಅಚ್ಚಿನ 168ಎಫ್ ಎಂಜಿನ್. ಬೋರ್ 68 ಮಿ.ಮೀ., ಸ್ಟ್ರೋಕ್ 45 ಮಿ.ಮೀ., 163 ಸಿಸಿ. ಅಲ್ಯೂಮಿನಿಯಂ ಹೆಡ್ಡು, ಅದರಲ್ಲಿ ಎರಡು ವಾಲ್ವು (ಗಾಳಿ ಒಳಗೆಳೆಯುವ ಇನ್‌ಟೇಕ್, ಹೊಗೆ ಹೊರಬಿಡುವ ಎಕ್ಸಾಸ್ಟ್), ಅವನ್ನು ಒತ್ತಿ ತೆರೆಯುವ ಪುಶ್‌ರಾಡು, ರಾಕರ್. ಈ ಹೆಡ್ಡು ರಿಪೇರಿಗೆ ಬಂದರೆ ಸಾಮಾನ್ಯವಾಗಿ ನಡೆಯುವ ಕೆಲಸ ಒಂದೇ: ವಾಲ್ವಿಗೆ ಪೇಸ್ಟ್ ಹಚ್ಚಿ ಉಜ್ಜಿ, ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚುವುದು. ಒಂದು ಸೀಸನ್ ಮುಗಿಯುವುದರೊಳಗೆ ಮತ್ತೆ ಹೊಗೆ, ಮತ್ತೆ ಕಂಪ್ರೆಶನ್ ಇಲ್ಲ.

ಇದಕ್ಕೆ ಕಾರಣ ಗೈಡು, ಅಂದರೆ ವಾಲ್ವಿನ ಕಾಂಡ ಜಾರುವ ಕೊಳವೆ. ಸವೆದ ಗೈಡಿನಲ್ಲಿ ವಾಲ್ವು ಒಂದೊಂದು ಸಲ ಒಂದೊಂದು ಕಡೆ ವಾಲಿಕೊಂಡು ಕೂರುತ್ತದೆ. ಸೀಟನ್ನು, ಅಂದರೆ ವಾಲ್ವು ಮುಚ್ಚಿ ಕೂರುವ ಉಂಗುರವನ್ನು, ಎಷ್ಟು ನುಣ್ಣಗೆ ಮಾಡಿಟ್ಟರೂ ವಾಲ್ವು ಅದನ್ನು ಬಡಿದು ಬಡಿದು ಕೆಡಿಸುತ್ತದೆ. ಸೀಟು ಕಟರಿನ ಪೈಲಟ್ (ಕಟರನ್ನು ನೇರ ಹಿಡಿಯುವ ಕಡ್ಡಿ) ನಿಲ್ಲುವುದೂ ಗೈಡಿನೊಳಗೇ. ಗೈಡು ಓರೆಯಾಗಿದ್ದರೆ ಕೊರೆದ ಸೀಟೂ ಓರೆ. ಆದ್ದರಿಂದ ಮೊದಲು ಗೈಡು, ಆಮೇಲೆ ಸೀಟು. ಪೋರ್ಟು (ಗಾಳಿ, ಹೊಗೆ ಹಾಯುವ ದಾರಿ) ಸವರುವುದು, ಹೆಡ್ಡಿನ ಮುಖ ಉಜ್ಜುವುದು ಎಲ್ಲಕ್ಕಿಂತ ಕೊನೆಗೆ. ಇಲ್ಲಿ ಹೇಳಿದ ಅಳತೆಗಳು ಜಿಎಕ್ಸ್ 160ರವು. ಬೇರೆ ಅಚ್ಚಿನ ಎಂಜಿನ್ನಾದರೆ ಕೆಲಸದ ಕ್ರಮ ಇದೇ, ಅಳತೆ ಮಾತ್ರ ಅದರದ್ದೇ ತೆಗೆದುಕೊಳ್ಳಿ.

ಹೆಡ್ ಬಿಚ್ಚುವ ಮುಂಚೆ

ನೀಲಿ ಹೊಗೆ ಬಂದ ಕೂಡಲೇ ಗೈಡು ಹೋಯಿತು ಎನ್ನಬೇಡಿ. ಈ ಎಂಜಿನ್ನಿಗೆ ಬೇಕಾದ ಆಯಿಲ್ ಸುಮಾರು 0.6 ಲೀಟರ್ ಅಷ್ಟೇ. ಒಂದು ಲೀಟರಿನ ಡಬ್ಬಿ ಪೂರ್ತಿ ಸುರಿದಿದ್ದರೆ, ಇಲ್ಲವೇ ಪಂಪನ್ನು ಕಾರ್ಬುರೇಟರ್ ಕೆಳಗಾಗುವಂತೆ ವಾಲಿಸಿ ಜೀಪಿನಲ್ಲಿ ಸಾಗಿಸಿದ್ದರೆ, ಗೈಡು ಹೊಸದಿದ್ದರೂ ಹೊಗೆ ಬರುತ್ತದೆ. ಸಮತಟ್ಟಾದ ಜಾಗದಲ್ಲಿಟ್ಟು ಆಯಿಲ್ ಮಟ್ಟ ನೋಡಿ. ಹೆಡ್ ಕವರಿನಿಂದ ಏರ್ ಕ್ಲೀನರ್ ಕಡೆಗೆ ಹೋಗುವ ಬ್ರೀದರ್ ಪೈಪಿನಲ್ಲಿ ಆಯಿಲ್ ತುಂಬಿದೆಯೇ, ಫಿಲ್ಟರ್ ಒದ್ದೆಯಾಗಿದೆಯೇ ನೋಡಿ. ಇವೆರಡೂ ಸರಿಯಿದ್ದ ಮೇಲೆ ಹೊಗೆಯ ಗುಣ ಗಮನಿಸಿ. ರಾತ್ರಿಯಿಡೀ ನಿಂತ ಎಂಜಿನ್ ಬೆಳಿಗ್ಗೆ ಸ್ಟಾರ್ಟ್ ಆದಾಗ ಒಮ್ಮೆ ಭಸಕ್ಕನೆ ನೀಲಿ ಹೊಗೆ ಬಿಟ್ಟು ಆಮೇಲೆ ತಿಳಿಯಾದರೆ, ಅಥವಾ ಲೋಡ್ ಬಿಟ್ಟು ಥ್ರಾಟಲ್ ಇಳಿಸಿದಾಗ ಹೊಗೆ ಬಂದರೆ, ಅನುಮಾನ ಇನ್‌ಟೇಕ್ ಗೈಡು ಮತ್ತು ಅದರ ಸೀಲಿನ ಮೇಲೆ. ಲೋಡಿನಲ್ಲಿ ಒಂದೇ ಸಮನೆ ಹೊಗೆ ಬರುತ್ತಿದ್ದರೆ ರಿಂಗು ನೋಡಬೇಕು.

ಎಕ್ಸಾಸ್ಟ್ ಗೈಡು ಸವೆದರೆ ಹೊಗೆ ಕಾಣುವುದು ಕಡಿಮೆ, ಹಾನಿ ಮಾತ್ರ ಹೆಚ್ಚು. ವಾಲ್ವು ಸೀಟಿನ ಒಂದು ಬದಿಗೆ ಮಾತ್ರ ತಾಗುತ್ತದೆ, ಇನ್ನೊಂದು ಬದಿಯಿಂದ ಬೆಂಕಿ ನುಗ್ಗಿ ವಾಲ್ವಿನ ಅಂಚು ಸುಡುತ್ತದೆ. ಎಕ್ಸಾಸ್ಟ್ ವಾಲ್ವಿನ ಬಿಸಿಯಲ್ಲಿ ಸುಮಾರು ಮುಕ್ಕಾಲು ಪಾಲು ಇಳಿದು ಹೋಗುವುದು ಸೀಟಿನ ಮೂಲಕ, ಉಳಿದದ್ದು ಗೈಡಿನ ಮೂಲಕ. ಸೀಟಿಗೆ ಸರಿಯಾಗಿ ತಾಗದ ವಾಲ್ವಿಗೆ ಆ ಬಿಸಿ ಕಳೆಯಲು ದಾರಿಯೇ ಇರುವುದಿಲ್ಲ.

ಕಂಪ್ರೆಶನ್ ಗೇಜ್ ಹಾಕಿ ನೋಡಿದರೆ ಈ ಎಂಜಿನ್ನಿನಲ್ಲಿ ಮೋಸ ಹೋಗುವ ಸಂಭವ ಹೆಚ್ಚು. ಹಗ್ಗ ಸುಲಭವಾಗಿ ಎಳೆಯಲಿ ಎಂದು ಕ್ಯಾಮ್‌ಶಾಫ್ಟಿನಲ್ಲೇ ಒಂದು ಡಿಕಂಪ್ರೆಶನ್ ವ್ಯವಸ್ಥೆ ಇದೆ. ನಿಧಾನವಾಗಿ ತಿರುಗುವಾಗ ಅದು ಎಕ್ಸಾಸ್ಟ್ ವಾಲ್ವನ್ನು ಸ್ವಲ್ಪ ಎತ್ತಿ ಹಿಡಿಯುತ್ತದೆ, ಹಾಗಾಗಿ ಒಳ್ಳೆಯ ಎಂಜಿನ್ನೂ ಗೇಜಿನಲ್ಲಿ ಕಡಿಮೆ ತೋರಿಸುತ್ತದೆ. ಅದಕ್ಕಿಂತ ಗಾಳಿ ಹಾಕಿ ಕೇಳುವುದು ಖಚಿತ. ಪಿಸ್ಟನ್ನನ್ನು ಕಂಪ್ರೆಶನ್ನಿನ ಮೇಲ್ತುದಿಗೆ ತಂದು, ಫ್ಲೈವೀಲ್ ತಿರುಗದಂತೆ ಗಟ್ಟಿಯಾಗಿ ಹಿಡಿಸಿ, ಪ್ಲಗ್ ತೂತಿನಿಂದ ಅಡಾಪ್ಟರ್ ಮೂಲಕ ಕಂಪ್ರೆಸರ್ ಗಾಳಿ ಕೊಡಿ. ಕಾರ್ಬುರೇಟರಿನಲ್ಲಿ ಸುಂಯ್ ಎಂದರೆ ಇನ್‌ಟೇಕ್ ವಾಲ್ವು, ಸೈಲೆನ್ಸರಿನಲ್ಲಿ ಎಂದರೆ ಎಕ್ಸಾಸ್ಟ್, ಬ್ರೀದರಿನಲ್ಲಿ ಎಂದರೆ ರಿಂಗು.

ಬಿಚ್ಚುವುದು

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬಿಸಿ ಹೆಡ್ಡಿನ ಬೋಲ್ಟ್ ಸಡಿಲಿಸಿದರೆ ಹೆಡ್ಡು ಬಾಗುತ್ತದೆ. ಟ್ಯಾಂಕು, ಏರ್ ಕ್ಲೀನರ್, ಕಾರ್ಬುರೇಟರ್, ಸೈಲೆನ್ಸರ್, ಫ್ಯಾನ್ ಕವರ್ ತೆಗೆಯಿರಿ. ಕಾರ್ಬುರೇಟರ್ ಮತ್ತು ಹೆಡ್ ನಡುವಿನ ಕಪ್ಪು ಇನ್ಸುಲೇಟರ್, ಅದರ ಎರಡು ಬದಿಯ ಗ್ಯಾಸ್ಕೆಟ್ ಯಾವ ಕ್ರಮದಲ್ಲಿವೆ ಎಂದು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ನಾಲ್ಕು ಹೆಡ್ ಬೋಲ್ಟುಗಳನ್ನು ಮೂಲೆಗೆ ಮೂಲೆ, ಅರ್ಧರ್ಧ ಸುತ್ತಿನಂತೆ ಸಡಿಲಿಸಿ. ಪುಶ್‌ರಾಡು, ರಾಕರುಗಳಿಗೆ ಇನ್‌ಟೇಕ್ ಯಾವುದು, ಎಕ್ಸಾಸ್ಟ್ ಯಾವುದು ಎಂದು ಗುರುತು ಹಾಕಿ. ಸವೆದ ಜೋಡಿ ಅದಲುಬದಲಾಗಬಾರದು.

ವಾಲ್ವು ತೆಗೆಯಲು ಇಲ್ಲಿ ಕಾಂಡವನ್ನು ಹಿಡಿಯುವ ಎರಡು ಹೋಳಿನ ಕಾಟರ್ ಇಲ್ಲ. ಸ್ಪ್ರಿಂಗಿನ ಮೇಲಿನ ಬಟ್ಟಲಿನಲ್ಲೇ ಒಂದು ಸಣ್ಣ ತೂತು, ಅದಕ್ಕೆ ಸೇರಿದಂತೆ ಪಕ್ಕದಲ್ಲಿ ಒಂದು ದೊಡ್ಡ ತೂತು. ವಾಲ್ವಿನ ತಲೆಗೆ ಕೆಳಗಿನಿಂದ ಬಟ್ಟೆಯ ಉಂಡೆ ಒತ್ತು ಕೊಟ್ಟು, ಎರಡು ಹೆಬ್ಬೆರಳಿನಿಂದ ಬಟ್ಟಲನ್ನು ಒತ್ತಿ ಪಕ್ಕಕ್ಕೆ ಸರಿಸಿದರೆ ಕಳಚಿಕೊಳ್ಳುತ್ತದೆ. ಹೆಡ್ಡು ಎಂಜಿನ್ ಮೇಲೇ ಇರುವಾಗ ಇದನ್ನು ಮಾಡಬೇಡಿ, ವಾಲ್ವು ಸಿಲಿಂಡರಿನೊಳಗೆ ಬೀಳುತ್ತದೆ. ಎಕ್ಸಾಸ್ಟ್ ವಾಲ್ವಿನ ತುದಿಯ ಮೇಲೆ ಗುಂಡಿಯಷ್ಟಗಲದ ಒಂದು ಟೋಪಿ ಇರುತ್ತದೆ, ಅದು ರೊಟೇಟರ್. ಕೈಯಿಂದ ಜಾರಿ ಕಳೆದುಹೋಗುವುದು ಇದೇ. ಇದಿಲ್ಲದೆ ಜೋಡಿಸಿದರೆ ಟ್ಯಾಪೆಟ್ ಗ್ಯಾಪ್ (ರಾಕರಿಗೂ ವಾಲ್ವಿನ ತುದಿಗೂ ನಡುವಿನ ಸಂದು) ಕೂರುವುದೇ ಇಲ್ಲ.

ಅಳತೆ

ಮೈಕ್ರೋಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ವರ್ನಿಯರಿನಲ್ಲಿ 0.02 ಮಿ.ಮೀ. ವ್ಯತ್ಯಾಸ ನಂಬುವಂತಿಲ್ಲ, ಇಲ್ಲಿ ಇಡೀ ತೀರ್ಮಾನ ಅಷ್ಟರ ಮೇಲೇ ನಿಂತಿದೆ.

ಗೈಡಿನ ಒಳಗಿನ ಅಳತೆ: ಹೊಸದು 5.50 ಮಿ.ಮೀ., ಸವೆತದ ಮಿತಿ 5.572.
ಇನ್‌ಟೇಕ್ ವಾಲ್ವಿನ ಕಾಂಡ: ಹೊಸದು 5.48, ಮಿತಿ 5.318.
ಎಕ್ಸಾಸ್ಟ್ ವಾಲ್ವಿನ ಕಾಂಡ: ಹೊಸದು 5.44, ಮಿತಿ 5.275.
ಕಾಂಡ ಮತ್ತು ಗೈಡಿನ ನಡುವಿನ ಸಂದು: ಇನ್‌ಟೇಕಿಗೆ 0.10, ಎಕ್ಸಾಸ್ಟಿಗೆ 0.12 ದಾಟಬಾರದು.
ಸ್ಪ್ರಿಂಗಿನ ಬಿಡಿ ಉದ್ದ: 34.0, ಮಿತಿ 32.5.

ಎರಡು ವಾಲ್ವಿನ ಕಾಂಡ ಒಂದೇ ದಪ್ಪ ಇರುವುದಿಲ್ಲ ಎಂಬುದನ್ನು ನೆನಪಿಡಿ. ಎಕ್ಸಾಸ್ಟ್ ಕಾಂಡ 5.44 ಬಂದರೆ ಅದು ಸವೆದಿಲ್ಲ, ಹೊಸದರ ಅಳತೆಯೇ ಅದು. ಬಿಸಿಗೆ ಉಬ್ಬುವುದಕ್ಕೆ ಜಾಗ ಬೇಕೆಂದು ಹಾಗೆ ಸಪೂರ ಮಾಡಿರುತ್ತಾರೆ. ಇದು ತಿಳಿಯದೆ ಒಳ್ಳೆಯ ವಾಲ್ವನ್ನು ಎಸೆಯುವುದೂ ಉಂಟು, ಇನ್‌ಟೇಕ್ ದಪ್ಪದ ಕಾಂಡವನ್ನು ಎಕ್ಸಾಸ್ಟಿಗೆ ಕೊಟ್ಟು ಸಿಕ್ಕಿಸಿಕೊಳ್ಳುವುದೂ ಉಂಟು.

ಕಾಂಡವನ್ನು ಮೂರು ಕಡೆ ಅಳೆಯಿರಿ: ಗೈಡಿನ ಮೇಲಂಚು, ನಡು, ಕೆಳಗಂಚು ತಾಗುವ ಜಾಗಗಳಲ್ಲಿ. ಗೈಡು ಒಳಗೆಲ್ಲ ಒಂದೇ ಸಮ ಸವೆಯುವುದಿಲ್ಲ. ರಾಕರ್ ವಾಲ್ವನ್ನು ಒತ್ತುವಾಗ ಸ್ವಲ್ಪ ಪಕ್ಕಕ್ಕೂ ತಳ್ಳುತ್ತದೆ, ಹಾಗಾಗಿ ಎರಡು ತುದಿ ರಾಕರ್ ಚಲಿಸುವ ದಿಕ್ಕಿನಲ್ಲಿ ಮೊಟ್ಟೆಯಾಕಾರಕ್ಕೆ ಅಗಲವಾಗಿ, ನಡು ಬಿಗಿಯಾಗಿಯೇ ಉಳಿಯುತ್ತದೆ. ಬೆಳಕಿಗೆ ಹಿಡಿದು ನೋಡಿದರೆ ಬಾಯಿ ಕಹಳೆಯಂತೆ ಅರಳಿದ್ದು ಕಣ್ಣಿಗೇ ಕಾಣುತ್ತದೆ. ಸ್ಮಾಲ್ ಹೋಲ್ ಗೇಜ್ ಹಾಕಿ ತುದಿಗಳಲ್ಲಿ, ಎರಡು ದಿಕ್ಕಿನಲ್ಲಿ ಅಳೆಯಿರಿ. ಆ ಗೇಜ್ ಇಲ್ಲದಿದ್ದರೆ ಲೇತಿನಲ್ಲಿ 5.57 ಮಿ.ಮೀ.ನ ಒಂದು ಸರಳಿನ ತುಂಡು ಮಾಡಿಸಿ. ಅದು ಗೈಡಿನ ಯಾವುದಾದರೂ ತುದಿಯಲ್ಲಿ ಇಳಿದರೆ ಗೈಡು ಮುಗಿಯಿತು. ವಾಲ್ವಿನ ತಲೆ ಹಿಡಿದು ಅಲ್ಲಾಡಿಸಿ ತೀರ್ಮಾನಿಸುವುದು ಸರಿಯಲ್ಲ. ತಲೆಯ ಬಳಿ ಕಾಣುವ ಆಟ ಗೈಡಿನೊಳಗಿನ ಸಂದಿಗಿಂತ ಯಾವಾಗಲೂ ದೊಡ್ಡದಾಗಿಯೇ ಕಾಣುತ್ತದೆ.

ಹಳೇ ಗೈಡು ತೆಗೆಯುವುದು

ಗೈಡು ಎಷ್ಟು ಎತ್ತರಕ್ಕೆ ಕೂತಿದೆ ಎಂದು ರಾಕರ್ ಬದಿಯಿಂದ ವರ್ನಿಯರಿನ ಆಳದ ಕಡ್ಡಿಯಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಎಕ್ಸಾಸ್ಟ್ ಗೈಡಿಗೆ ಒಂದು ಕ್ಲಿಪ್ ಇರುತ್ತದೆ, ಅದು ತಾಗುವವರೆಗೆ ಹೊಡೆದರೆ ಎತ್ತರ ತಾನಾಗಿ ಸರಿಯಾಗುತ್ತದೆ. ಇನ್‌ಟೇಕಿಗೆ ನಿಮ್ಮ ಅಳತೆಯೇ ಗತಿ.

ಮುಂದಿನ ಹೆಜ್ಜೆ ಬಹಳ ಜನ ಬಿಟ್ಟುಬಿಡುವಂಥದ್ದು. ಗೈಡನ್ನು ದಹನ ಕೋಣೆಯ ಕಡೆಯಿಂದ ರಾಕರ್ ಕಡೆಗೆ ಹೊಡೆದು ತೆಗೆಯಬೇಕು. ಪೋರ್ಟಿನೊಳಗೆ ಚಾಚಿಕೊಂಡ ಗೈಡಿನ ತುದಿಗೆ, ಅದರಲ್ಲೂ ಎಕ್ಸಾಸ್ಟಿನದ್ದಕ್ಕೆ, ಕಾರ್ಬನ್ ಕಲ್ಲಿನಂತೆ ಕಟ್ಟಿರುತ್ತದೆ. ಸೀಮೆಎಣ್ಣೆಯಲ್ಲಿ ಓಡಿಸಿದ ಎಂಜಿನ್ನಾದರೆ ಪದರದ ಮೇಲೆ ಪದರ. ಅದನ್ನು ಕೆರೆಯದೆ ಹೊಡೆದರೆ ಆ ಕಾರ್ಬನ್ ಹೆಡ್ಡಿನ ತೂತನ್ನು ಉದ್ದಕ್ಕೂ ಗೀರುತ್ತ ಹೊರಬರುತ್ತದೆ. ಗೀರಿದ ತೂತಿನಲ್ಲಿ ಹೊಸ ಗೈಡು ಬಿಗಿಯಾಗಿ ನಿಲ್ಲುವುದಿಲ್ಲ, ಗೀರಿನ ಸಂದಿಯಿಂದ ಆಯಿಲ್ ಕೂಡ ಇಳಿಯುತ್ತದೆ. ಆದ್ದರಿಂದ ಮೊದಲು ಹಿತ್ತಾಳೆ ಬ್ರಷ್, ಮರದ ಚಕ್ಕೆ, ಕಾರ್ಬುರೇಟರ್ ಕ್ಲೀನರ್ ಬಳಸಿ ಗೈಡಿನ ಸುತ್ತ ಲೋಹ ಕಾಣುವವರೆಗೆ ಕೆರೆಯಿರಿ.

ಹೊಡೆಯಲು ಮೆಟ್ಟಿಲಿರುವ ಡ್ರಿಫ್ಟ್ (ಹೊಡೆದು ತಳ್ಳುವ ಸರಳು) ಬೇಕು. ಗೈಡಿನೊಳಗೆ ಇಳಿಯುವ ಮೂತಿ 5.3 ಮಿ.ಮೀ., ಗೈಡಿನ ಮೈಯನ್ನು ಒತ್ತುವ ಹೆಗಲು ಗೈಡಿನ ಹೊರ ಅಳತೆಗಿಂತ ಅರ್ಧ ಮಿ.ಮೀ. ಸಣ್ಣದು. ಮೂತಿಯಿಲ್ಲದ ಬರೀ ಸರಳಿನಲ್ಲಿ ಹೊಡೆದರೆ ಗೈಡಿನ ತುದಿ ಅಣಬೆಯಂತೆ ಅರಳಿ ತೂತಿನಲ್ಲೇ ಕಚ್ಚಿಕೊಳ್ಳುತ್ತದೆ.

ಹೆಡ್ಡನ್ನು 150 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿ, ಅದಕ್ಕಿಂತ ಹೆಚ್ಚು ಬೇಡ. ಹೆಚ್ಚಾದರೆ ಸೀಟಿನ ಉಂಗುರಗಳೇ ಸಡಿಲಾಗುತ್ತವೆ. ಕರೆಂಟ್ ಓವನ್ ಒಳ್ಳೆಯದು, ಅರ್ಧ ಗಂಟೆ ಇಟ್ಟರೆ ಬಿಸಿ ಒಂದೇ ಸಮ ಹರಡುತ್ತದೆ. ಗ್ಯಾಸ್ ಕಟರಿನ ಬೆಂಕಿ, ಬ್ಲೋಲ್ಯಾಂಪ್ ಬೇಡವೇ ಬೇಡ; ಒಂದು ಕಡೆ ಕಾದು ಹೆಡ್ಡು ತಿರುಚಿಕೊಳ್ಳುತ್ತದೆ. ದೂರದಿಂದಲೇ ಬಿಸಿ ಅಳೆಯುವ ಇನ್ಫ್ರಾರೆಡ್ ಗನ್ ಬಳಸುವವರು ಒಂದು ವಿಷಯ ಗಮನಿಸಿ: ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಹೆಡ್ಡಿನ ಒಂದು ಜಾಗಕ್ಕೆ ಬಿಸಿ ತಡೆಯುವ ಕಪ್ಪು ಬಣ್ಣ ಬಳಿದು, ಒಣಗಿದ ಮೇಲೆ ಅಲ್ಲಿ ಅಳೆಯಿರಿ.

ಹೊಸ ಗೈಡು: ಬೀಡೋ, ಕಂಚೋ

ಅಂಗಡಿಯಲ್ಲಿ ಸಿಗುವ ಸಿದ್ಧ ಗೈಡು ಸಾಕು. ತೂತು ಗೀರಿದ್ದರೆ, ಅಥವಾ ಆ ಅಚ್ಚಿನ ಗೈಡು ಸಿಗದಿದ್ದರೆ ಮಾತ್ರ ಲೇತಿನಲ್ಲಿ ಮಾಡಿಸಿ. ಆಗ ಫಾಸ್ಫರ್ ಬ್ರಾಂಜ್ ಸರಳು ತೆಗೆದುಕೊಳ್ಳಿ. ಹಿತ್ತಾಳೆ ಬೇಡ, ಎಕ್ಸಾಸ್ಟಿನ ಬಿಸಿಗೆ ಅದು ನಿಲ್ಲುವುದಿಲ್ಲ.

ಕಂಚಿನ ಲಾಭ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಬಿಸಿಗೆ ಅಲ್ಯೂಮಿನಿಯಂ ಉಬ್ಬುವ ಪ್ರಮಾಣ ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 23 ಭಾಗ, ಕಂಚು 18, ಬೀಡು ಕಬ್ಬಿಣ 11. ಗೈಡಿನ ಹೊರ ಅಳತೆ 10 ಮಿ.ಮೀ. ಎಂದುಕೊಳ್ಳಿ. ಓಡುವಾಗ ಹೆಡ್ಡಿನ ಬಿಸಿ 150 ಡಿಗ್ರಿ ಏರಿದರೆ ಬೀಡಿನ ಗೈಡಿನ ಹಿಡಿತ 0.018 ಮಿ.ಮೀ. ಸಡಿಲಾಗುತ್ತದೆ, ಕಂಚಿನದ್ದು 0.008ರಷ್ಟೇ. 0.02 ಬಿಗಿಯಲ್ಲಿ ಕೂರಿಸಿದ ಬೀಡಿನ ಗೈಡು ಬಿಸಿಯಾದಾಗ ಹೆಚ್ಚುಕಡಿಮೆ ಬರೀ ತೂತಿನಲ್ಲಿ ನಿಂತಂತೆ. ಅದಕ್ಕೇ ಗೈಡಿನ ಹೊರ ಅಳತೆ ತೂತಿಗಿಂತ 0.04 ಮಿ.ಮೀ. ದಪ್ಪ ಇರಬೇಕು ಎನ್ನುವುದು. 0.06 ದಾಟಿದರೆ ಅಲ್ಯೂಮಿನಿಯಂ ಬಿರಿಯುವ ಭಯ.

ಟರ್ನರಿಗೆ ಹೀಗೆ ಹೇಳಿ: ಮೊದಲು ಒಳತೂತು ಕೊರೆದು 5.4ಕ್ಕೆ ರೀಮರ್ (ತೂತನ್ನು ನಿಖರ ಅಳತೆಗೆ ತರುವ ಹಲ್ಲಿನ ಸರಳು) ಹಾಕಲಿ. ಆಮೇಲೆ ಆ ತೂತನ್ನೇ ಆಧಾರ ಮಾಡಿಕೊಂಡು ಮ್ಯಾಂಡ್ರಲಿನ (ತೂತಿನೊಳಗೆ ಹಿಡಿಯುವ ಸರಳು) ಮೇಲೆ ಹೊರಮೈ ತಿರುಗಿಸಲಿ. ಹೊರಗೆ ಮೊದಲು ತಿರುಗಿಸಿ ಆಮೇಲೆ ತೂತು ಕೊರೆದರೆ ಡ್ರಿಲ್ಲು ಓಡಿ ಒಳಗೂ ಹೊರಗೂ ಕೇಂದ್ರ ಬೇರೆಯಾಗುತ್ತದೆ. ಉದ್ದ ಹಳೆಯದರಷ್ಟೇ ಇರಲಿ, ಎಕ್ಸಾಸ್ಟಿನ ಕ್ಲಿಪ್ ಕೂರುವ ತೋಡೂ ಅದೇ ಜಾಗದಲ್ಲಿ ಇರಲಿ. ಮೊದಲು ಒಳಹೋಗುವ ತುದಿಗೆ 1.5 ಮಿ.ಮೀ. ಉದ್ದದ ಸಣ್ಣ ಇಳಿಜಾರು ಕೊಡಿಸಿ.

ಹಳೇ ಗೈಡಿನ ಒಳಗೆ ಡಾಟು (ಚುಕ್ಕೆ ಗುಳಿ) ಹೊಡೆದು ಬಿಗಿ ಮಾಡುವುದು, ಸಡಿಲ ಗೈಡಿಗೆ ಅಂಟು ಹಾಕಿ ಕೂರಿಸುವುದು ಇವೆಲ್ಲ ಕೆಲವೇ ದಿನದ ಮಾತು. ಮತ್ತೆ ಹೆಡ್ ಬಿಚ್ಚುವ ಕೂಲಿ ಲೆಕ್ಕ ಹಾಕಿದರೆ ಹೊಸ ಗೈಡೇ ಅಗ್ಗ.

ಕೂರಿಸುವುದು, ರೀಮರ್ ಹಾಕುವುದು

ಹೊಸ ಗೈಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್ಜಿನ ಫ್ರೀಜರಿನಲ್ಲಿ ಒಂದು ಗಂಟೆ ಇಡಿ. ಹೆಡ್ಡು ಓವನ್ನಿನಲ್ಲಿ 150 ಡಿಗ್ರಿ. ಇದರಿಂದ 10 ಮಿ.ಮೀ. ತೂತು 0.028ರಷ್ಟು ಅರಳುತ್ತದೆ, ಕಂಚಿನ ಗೈಡು 0.008ರಷ್ಟು ಕುಗ್ಗುತ್ತದೆ. 0.04 ಬಿಗಿಯಲ್ಲಿ ಬಹುಪಾಲು ಹೀಗೇ ಕರಗಿ, ಸಣ್ಣ ಸುತ್ತಿಗೆಯ ಎರಡು ಮೂರು ಪೆಟ್ಟಿಗೆ ಗೈಡು ಇಳಿಯುತ್ತದೆ. ಡ್ರಿಫ್ಟನ್ನು ಮೊದಲೇ ಗೈಡಿಗೆ ತೊಡಿಸಿಟ್ಟುಕೊಳ್ಳಿ, ಹೆಡ್ಡಿಗೆ ಕೆಳಗೆ ಮರದ ಹಲಗೆ ಇರಲಿ, ತೊಗಲಿನ ಕೈಗವಸು ಇರಲಿ. ರಾಕರ್ ಕಡೆಯಿಂದ ನೇರ ಇಟ್ಟು ನಿಲ್ಲಿಸದೆ ಹೊಡೆಯಿರಿ. ಅರ್ಧದಲ್ಲಿ ನಿಲ್ಲಿಸಿ ಯೋಚಿಸುತ್ತ ಕೂತರೆ ಗೈಡು ಕಾದು, ಹೆಡ್ಡು ತಣಿದು, ಅಲ್ಲೇ ಕಚ್ಚುತ್ತದೆ. ಆಗ ಜೋರಾಗಿ ಹೊಡೆಯಬೇಡಿ, ಮತ್ತೆ ಇಡೀ ಹೆಡ್ಡನ್ನು ಕಾಯಿಸಿ.

ಹೆಡ್ಡು ಪೂರ್ತಿ ತಣಿದ ಮೇಲೆ, ಅಂದರೆ ಗಂಟೆಗಳ ನಂತರ, ರೀಮರ್. ಬಿಗಿಯಲ್ಲಿ ಕೂತ ಗೈಡಿನ ಒಳತೂತು ಕುಗ್ಗಿರುತ್ತದೆ, ಸಿದ್ಧ ಗೈಡಿಗೂ ರೀಮರ್ ಬೇಕಾಗುವುದು ಅದಕ್ಕೇ. 5.51 ಮಿ.ಮೀ. ರೀಮರ್ ತೆಗೆದುಕೊಳ್ಳಿ. ಕಟಿಂಗ್ ಆಯಿಲ್ ಹಾಕಿ, ಟ್ಯಾಪ್ ಹಿಡಿಯಿಂದ ಗಡಿಯಾರದ ದಿಕ್ಕಿಗೆ ಮಾತ್ರ ತಿರುಗಿಸಿ. ಹೊರಗೆ ಎಳೆಯುವಾಗಲೂ ಅದೇ ದಿಕ್ಕು. ಹಿಂದಕ್ಕೆ ತಿರುಗಿಸಿದರೆ ಚೂರುಗಳು ಹಲ್ಲಿನ ಬೆನ್ನಿಗೆ ಸಿಕ್ಕಿ ಗೈಡಿನ ಒಳಮೈ ಕೀಳುತ್ತವೆ, ರೀಮರಿನ ಅಂಚೂ ಮುರಿಯುತ್ತದೆ. ಕಂಚಿಗೆ ಹೊಸ ಹರಿತದ ರೀಮರೇ ಬೇಕು. ಮೊಂಡಾದದ್ದು ಕಂಚನ್ನು ಕತ್ತರಿಸದೆ ತಳ್ಳುತ್ತದೆ, ತೆಗೆದ ಮೇಲೆ ತೂತು ಮತ್ತೆ ಮುಚ್ಚಿಕೊಳ್ಳುತ್ತದೆ.

ಚೆನ್ನಾಗಿ ತೊಳೆದು, ಒಂದು ಹನಿ ಎಂಜಿನ್ ಆಯಿಲ್ ಸವರಿದ ವಾಲ್ವನ್ನು ಇಳಿಬಿಡಿ. ತನ್ನ ಭಾರಕ್ಕೇ ನಿಧಾನವಾಗಿ, ಎಲ್ಲೂ ತಡೆಯದೆ ಜಾರಬೇಕು. ಇನ್‌ಟೇಕಿಗೆ 0.03, ಎಕ್ಸಾಸ್ಟಿಗೆ 0.07ರ ಆಸುಪಾಸು ಸಂದು ಬಂದಿರುತ್ತದೆ. ಬಿಗಿ ಇದ್ದರೆ ಓಡುತ್ತ ಓಡುತ್ತ ಸರಿಹೋಗುತ್ತದೆ ಎಂದು ಬಿಡಬೇಡಿ.

ಸೀಟು

ಗೈಡು ಬದಲಿಸಿದ ಮೇಲೆ ಸೀಟು ಕೊರೆಯಲೇಬೇಕು, ಏಕೆಂದರೆ ಹೊಸ ಗೈಡಿನ ಕೇಂದ್ರ ಹಳೆಯದರ ಜಾಗದಲ್ಲೇ ಇರುವುದಿಲ್ಲ. ಮೂರು ಕಟರ್ ಬೇಕು: 45, 32, 60 ಡಿಗ್ರಿ. ಪೈಲಟ್ ಗೈಡಿನಲ್ಲಿ ಆಡದಂತೆ ಕೂತಿರಬೇಕು. ಮೊದಲು 45ರಲ್ಲಿ ಗುಳಿ, ಕಪ್ಪು ಕಲೆ ಹೋಗುವಷ್ಟು ಮಾತ್ರ ಹಗುರಾಗಿ ತೆಗೆಯಿರಿ. ಆಮೇಲೆ 32ರಿಂದ ಮೇಲಂಚು, 60ರಿಂದ ಕೆಳಗಂಚು ಕತ್ತರಿಸಿ, ಕೊನೆಗೆ 45ರಲ್ಲಿ ಒಂದೆರಡು ಸುತ್ತು ನಯ ಮಾಡಿ. ಸೀಟಿನ ಅಗಲ ಇನ್‌ಟೇಕಿಗೆ 0.8 ಮಿ.ಮೀ. ಎಕ್ಸಾಸ್ಟಿಗೆ 1 ಮಿ.ಮೀ. ಬಿಟ್ಟರೆ ಬಿಸಿ ಇಳಿಯಲು ಅನುಕೂಲ. 2 ದಾಟಿದ ಸೀಟು ಕಾರ್ಬನ್ ಹಿಡಿದು ಸೋರುತ್ತದೆ.

ತಾಗುವ ಗೆರೆ ವಾಲ್ವಿನ ಮುಖದ ನಡುವೆ ಬರಬೇಕು. ಸೀಟಿಗೆ ಪ್ರಶ್ಯನ್ ಬ್ಲೂ (ತಾಗಿದ ಗುರುತು ತೋರಿಸುವ ನೀಲಿ ಬಣ್ಣ) ತೆಳ್ಳಗೆ ಸವರಿ, ವಾಲ್ವು ಬಿಟ್ಟು, ತಿರುಗಿಸದೆ ಒತ್ತಿ ತೆಗೆದು ನೋಡಿ. ಗೆರೆ ವಾಲ್ವಿನ ಹೊರ ಅಂಚಿನ ಕಡೆ ಬಂದಿದ್ದರೆ 32ರ ಕಟರಿನಿಂದ ಇಳಿಸಿ, ಕಾಂಡದ ಕಡೆ ಬಂದಿದ್ದರೆ 60ರಿಂದ ಏರಿಸಿ. ಪ್ರತಿ ಸಲವೂ ಕೊನೆಗೆ 45. ಕಟರ್ ಮೇಲೆ ಭಾರ ಹಾಕಬೇಡಿ. ಅದರಿಂದ ಅಲೆಅಲೆಯಾದ ಗುರುತು ಬೀಳುತ್ತದೆ, ಅದನ್ನು ತೆಗೆಯಲು ಇನ್ನಷ್ಟು ಕೊರೆಯಬೇಕಾಗುತ್ತದೆ.

ಕೊರೆದಷ್ಟೂ ವಾಲ್ವು ಹೆಡ್ಡಿನೊಳಗೆ ಮುಳುಗುತ್ತದೆ, ಕಾಂಡದ ತುದಿ ಆ ಕಡೆ ಅಷ್ಟೇ ಮೇಲೆ ಬರುತ್ತದೆ. ಸ್ಪ್ರಿಂಗು ಅಷ್ಟೇ ಸಡಿಲವಾಗುತ್ತದೆ. 0.3 ಮಿ.ಮೀ. ಕೊರೆದಿದ್ದರೆ ಸ್ಪ್ರಿಂಗಿನ ಕೆಳಗೆ 0.3ರ ವಾಷರ್ ಕೊಡಿ. ವಾಲ್ವಿನ ಅಂಚಿನ ದಪ್ಪವನ್ನೂ ನೋಡಿ: 1 ಮಿ.ಮೀ. ಹತ್ತಿರ ಇರಬೇಕು. ಅರ್ಧಕ್ಕಿಂತ ತೆಳ್ಳಗಾಗಿ ಚೂರಿಯಂತಾದ ಅಂಚು ಕೆಂಡವಾಗಿ, ಪ್ಲಗ್ ಕಿಡಿ ಕೊಡುವ ಮೊದಲೇ ಪೆಟ್ರೋಲಿಗೆ ಬೆಂಕಿ ಹಚ್ಚುತ್ತದೆ. ಹಾಗಾದ ವಾಲ್ವು ಎಸೆಯಿರಿ.

ಲ್ಯಾಪಿಂಗ್, ಅಂದರೆ ಪೇಸ್ಟ್ ಹಚ್ಚಿ ಉಜ್ಜುವುದು, ಕೊನೆಯ ಒರೆಸು ಅಷ್ಟೇ. ಸಣ್ಣ ಪೇಸ್ಟನ್ನು ಕಡಲೆಯಷ್ಟು, ವಾಲ್ವಿನ ಮುಖಕ್ಕೆ ಮಾತ್ರ. ಕಾಂಡಕ್ಕೆ ಒಂದು ಕಣವೂ ತಾಗಬಾರದು. ಹೀರು ಕೋಲನ್ನು ಎರಡು ಅಂಗೈ ನಡುವೆ ಮಜ್ಜಿಗೆ ಕಡೆದಂತೆ ಆಡಿಸಿ, ಆಗಾಗ ಎತ್ತಿ ಕಾಲು ಸುತ್ತು ತಿರುಗಿಸಿ ಇಡಿ. ಸುತ್ತಲೂ ಒಂದೇ ಸಮನಾದ ಬೂದು ಗೆರೆ ಬಂದ ಕೂಡಲೇ ನಿಲ್ಲಿಸಿ. ಆಮೇಲೆ ಬಿಸಿನೀರು, ಸೋಪಿನ ಪುಡಿ ಹಾಕಿ ತೊಳೆದು, ಗೈಡಿನೊಳಗೆ ನೂಲಿನ ಬಟ್ಟೆ ಎಳೆದು ಅದು ಬೆಳ್ಳಗೆ ಹೊರಬರುವವರೆಗೆ ಒರೆಸಿ. ಬರೀ ಪೆಟ್ರೋಲಿನಲ್ಲಿ ತೊಳೆದರೆ ಪೇಸ್ಟಿನ ಜಿಡ್ಡು ಹೋಗಿ ಮರಳು ಅಲ್ಲೇ ಉಳಿಯುತ್ತದೆ, ಹೊಸ ಗೈಡನ್ನು ಅದೇ ತಿನ್ನುತ್ತದೆ.

ಪರೀಕ್ಷೆಗೆ ವಾಲ್ವು, ಸ್ಪ್ರಿಂಗು ಹಾಕಿ ಹೆಡ್ಡನ್ನು ಪೋರ್ಟ್ ಮೇಲಾಗಿ ಇಟ್ಟು ಸೀಮೆಎಣ್ಣೆ ತುಂಬಿ. ಐದು ನಿಮಿಷವಾದರೂ ವಾಲ್ವಿನ ಸುತ್ತ ಪಸೆ ಕಾಣಬಾರದು.

ಪೋರ್ಟು ಮತ್ತು ಹೆಡ್ಡಿನ ಮುಖ

ಪೋರ್ಟನ್ನು ಕನ್ನಡಿಯಂತೆ ಹೊಳೆಯಿಸುವ ಆಸೆ ಹಲವರಿಗೆ. ಈ ಎಂಜಿನ್ನಿಗೆ ವೇಗವನ್ನು ಮಿತಿಯಲ್ಲಿಡುವ ಗವರ್ನರ್ ಇದೆ, ಕೆಲಸ ಮಾಡುವ ವೇಗ ನಿಮಿಷಕ್ಕೆ 3600 ಸುತ್ತಿನ ಆಸುಪಾಸು. ಆ ವೇಗದಲ್ಲಿ ಅದು ಸೆಕೆಂಡಿಗೆ 30 ಸಲ ಉಸಿರೆಳೆಯುತ್ತದೆ, ಅಂದರೆ ಹೆಚ್ಚೆಂದರೆ 4.9 ಲೀಟರ್ ಗಾಳಿ. ಅದಕ್ಕೆ ಈಗಿರುವ ಪೋರ್ಟು ಧಾರಾಳ ಸಾಕು. ಅಗಲ ಮಾಡಿದರೆ ಗಾಳಿಯ ವೇಗ ಕುಗ್ಗಿ, ಕಡಿಮೆ ವೇಗದಲ್ಲಿ ಪೆಟ್ರೋಲ್ ಸರಿಯಾಗಿ ಬೆರೆಯದೆ ಎಳೆತವೇ ಹೋಗುತ್ತದೆ. ಮಾಡಲು ತಕ್ಕ ಕೆಲಸ ಒಂದೇ: ಸೀಟಿನ ಉಂಗುರ ಮುಗಿದು ಅಲ್ಯೂಮಿನಿಯಂ ಶುರುವಾಗುವಲ್ಲಿ ಒಂದು ಮೆಟ್ಟಿಲು, ಎರಕದ ಮುಳ್ಳುಗಳು ಇರುತ್ತವೆ. ಅವನ್ನು ಸಣ್ಣ ಅರದಿಂದ, 80 ನಂಬರಿನ ಎಮರಿಯಿಂದ ಸವರಿ ಸಮ ಮಾಡಿ. ಸೀಟಿಗೆ ಅರ ತಾಗದಂತೆ ಹಳೇ ವಾಲ್ವು ಹಾಕಿಕೊಳ್ಳಿ. ಗೈಡಿನ ತುದಿ ಗಾಳಿಗೆ ಅಡ್ಡ ಎಂದು ಕತ್ತರಿಸಬೇಡಿ, ಎಕ್ಸಾಸ್ಟಿನಲ್ಲಂತೂ ಬೇಡವೇ ಬೇಡ. ಗೈಡಿನ ಉದ್ದವೇ ಕಾಂಡಕ್ಕೆ ಆಧಾರ, ಬಿಸಿಗೆ ದಾರಿ.

ಅಮೆರಿಕದಲ್ಲಿ ಇದೇ ಕುಟುಂಬದ 212 ಸಿಸಿ ಎಂಜಿನ್ನುಗಳನ್ನು ಕಾರ್ಟ್ ರೇಸಿಗೆ ತಯಾರಿಸುವವರು ಗವರ್ನರ್ ಕಿತ್ತು ಪೋರ್ಟು ದೊಡ್ಡದು ಮಾಡುತ್ತಾರೆ ನಿಜ. ಅವರು ಬಲವಾದ ಕನೆಕ್ಟಿಂಗ್ ರಾಡನ್ನೂ, ಬೀಡಿನ ಫ್ಲೈವೀಲಿನ ಬದಲು ಗಟ್ಟಿ ಲೋಹದಲ್ಲಿ ಕಡೆದ ಫ್ಲೈವೀಲನ್ನೂ ಹಾಕಿರುತ್ತಾರೆ. ಅದಿಲ್ಲದೆ ಗವರ್ನರ್ ತೆಗೆದರೆ ಫ್ಲೈವೀಲ್ ಸಿಡಿದು ಪಕ್ಕದಲ್ಲಿ ನಿಂತವರ ಪ್ರಾಣಕ್ಕೇ ಕುತ್ತು. ತೋಟದ ಪಂಪಿಗೆ ಅದು ಖಂಡಿತ ಬೇಡ.

ಹೆಡ್ಡಿನ ಮುಖದ ಮೇಲೆ ಸ್ಟ್ರೈಟ್ ಎಡ್ಜ್ ಅಡ್ಡ, ಉದ್ದ, ಮೂಲೆಗೆ ಮೂಲೆ ಇಟ್ಟು ಫೀಲರ್ ಗೇಜ್ ತೂರಿಸಿ. 0.10 ಮಿ.ಮೀ. ತೂರಿದರೆ ಮುಖ ಉಜ್ಜಬೇಕು. ದಪ್ಪ ಗಾಜಿನ ಮೇಲೆ 220ರ ಎಮರಿ ಅಂಟಿಸಿ, ಸೀಮೆಎಣ್ಣೆ ಹಾಕಿ, ಎಂಟರ ಅಂಕಿಯಂತೆ ಉಜ್ಜಿ; ಕೊನೆಗೆ 400. ಹೆಡ್ಡನ್ನು ಸರಿಯಾದ ಜಾಗದಲ್ಲಿ ಕೂರಿಸುವ ಡೋವೆಲ್ ಪಿನ್ ಹೆಡ್ಡಿನಲ್ಲಿ ಉಳಿದಿದ್ದರೆ ಮೊದಲು ತೆಗೆಯಿರಿ. ಕಂಪ್ರೆಶನ್ ಏರಿಸಲೆಂದು ಉಜ್ಜುವವರಿಗೆ ಲೆಕ್ಕ ಹೀಗಿದೆ: 68 ಮಿ.ಮೀ. ಬೋರಿಗೆ 0.1 ಮಿ.ಮೀ. ತೆಗೆದರೆ ದಹನ ಕೋಣೆ ಹೆಚ್ಚೆಂದರೆ 0.36 ಸಿಸಿ ಕಿರಿದಾಗುತ್ತದೆ. 8.5 ಅನುಪಾತದ ಎಂಜಿನ್ನಿನಲ್ಲಿ 0.3 ತೆಗೆದರೂ 8.9ರ ಸುತ್ತ ಬರುತ್ತದೆ, ಅಷ್ಟೇ. ಸೀಮೆಎಣ್ಣೆಯಲ್ಲಿ ಓಡಿಸುವ ಎಂಜಿನ್ನಿಗೆ ಅದೂ ಬೇಡ, ಬಡಿತ ಶುರುವಾಗುತ್ತದೆ. ಹೆಡ್ಡು ಬಾಗಿದ್ದಕ್ಕೆ ಕಾರಣವನ್ನೂ ಹುಡುಕಿ: ಫ್ಯಾನ್ ಕವರಿನೊಳಗೆ, ರೆಕ್ಕೆಗಳ ಸಂದಿಯಲ್ಲಿ ಅಡಿಕೆ ಸಿಪ್ಪೆಯ ನಾರು, ಕೆಸರು, ಬೋರ್ಡೊ ಸುಣ್ಣ ಮೆತ್ತಿಕೊಂಡಿರುತ್ತದೆ.

ಜೋಡಣೆ

ಇನ್‌ಟೇಕ್ ಕಾಂಡಕ್ಕೆ ಹೊಸ ಸೀಲು ಹಾಕಿ, ಕಾಂಡಗಳಿಗೆ ಆಯಿಲ್ ಸವರಿ. ಹೊಸ ಗ್ಯಾಸ್ಕೆಟ್, ಎರಡು ಡೋವೆಲ್ ಪಿನ್, ಹೆಡ್ಡು. ಬೋಲ್ಟುಗಳನ್ನು ಮೂಲೆಗೆ ಮೂಲೆ, ಮೂರು ಹಂತದಲ್ಲಿ 24 ನ್ಯೂಟನ್ ಮೀಟರಿಗೆ ಬಿಗಿಯಿರಿ. ಪುಶ್‌ರಾಡಿನ ಬುಡ ಟ್ಯಾಪೆಟ್ಟಿನ ಬಟ್ಟಲಿನಲ್ಲೇ ಕೂತಿದೆಯೇ ಎಂದು ಬೆರಳಲ್ಲಿ ಅಲ್ಲಾಡಿಸಿ ನೋಡಿ. ಪಕ್ಕಕ್ಕೆ ಜಾರಿದ್ದರೆ ಮೊದಲ ಎಳೆತಕ್ಕೇ ಬಾಗುತ್ತದೆ.

ಟ್ಯಾಪೆಟ್ ಗ್ಯಾಪನ್ನು ತಣ್ಣಗಿರುವಾಗ, ಕಂಪ್ರೆಶನ್ನಿನ ಮೇಲ್ತುದಿಯಲ್ಲಿ ಇಡಬೇಕು. ಸ್ಟಾರ್ಟರ್ ಪುಲ್ಲಿಯ ತ್ರಿಕೋನ ಗುರುತು ಫ್ಯಾನ್ ಕವರಿನ ಮೇಲಿನ ತೂತಿಗೆ ನೇರ ಬಂದು, ಎರಡೂ ರಾಕರ್ ಸಡಿಲವಾಗಿದ್ದರೆ ಅದೇ ಜಾಗ. ರಾಕರ್ ಬಿಗಿಯಿದ್ದರೆ ಒಂದು ಸುತ್ತು ತಿರುಗಿಸಿ. ಇನ್‌ಟೇಕ್ 0.15, ಎಕ್ಸಾಸ್ಟ್ 0.20 ಮಿ.ಮೀ. ಲಾಕ್ ನಟ್ 10 ನ್ಯೂಟನ್ ಮೀಟರ್. ಬಿಗಿದ ಮೇಲೆ ಮತ್ತೊಮ್ಮೆ ಫೀಲರ್ ಹಾಕಿ, ನಟ್ ಬಿಗಿಯುವಾಗ ಅಳತೆ ಕದಲುತ್ತದೆ.

ಮೊದಲು ಹತ್ತು ಹದಿನೈದು ನಿಮಿಷ ಲೋಡಿಲ್ಲದೆ ಓಡಿಸಿ, ಪೂರ್ತಿ ತಣಿಸಿ, ಗ್ಯಾಪ್ ಮತ್ತೆ ನೋಡಿ.

ತಣ್ಣಗಿದ್ದಾಗ ಸ್ಟಾರ್ಟ್ ಆಗಿ, ಕಾದ ಮೇಲೆ ತಾನಾಗಿ ನಿಂತು, ಹಗ್ಗ ಎಳೆದರೆ ಬರೀ ಸಡಿಲ, ಅರ್ಧ ಗಂಟೆ ತಣಿದರೆ ಮತ್ತೆ ಸರಿ ಎಂಬ ದೂರು ಬಂದರೆ, ಅದು ಎಕ್ಸಾಸ್ಟ್ ಗೈಡು ಬಿಗಿಯಾದ ಲಕ್ಷಣ. ಮತ್ತೆ ಬಿಚ್ಚಿ ರೀಮರ್ ಹಾಕುವುದೊಂದೇ ದಾರಿ. ಹಾಗಲ್ಲದೆ ಮಳೆಗಾಲ ಮುಗಿದು ತಿಂಗಳುಗಟ್ಟಲೆ ಮೂಲೆಯಲ್ಲಿಟ್ಟ ಪಂಪಿನಲ್ಲಿ ಸಡಿಲವಾದರೆ, ಹಳೇ ಪೆಟ್ರೋಲಿನ ಅಂಟು ಇನ್‌ಟೇಕ್ ಕಾಂಡವನ್ನು ಹಿಡಿದಿರಬಹುದು. ಅದಕ್ಕೆ ಗೈಡು ಬದಲಿಸಬೇಕಿಲ್ಲ. ಹೆಡ್ ಕವರ್ ತೆಗೆದು ಕಾಂಡಕ್ಕೆ ಕಾರ್ಬುರೇಟರ್ ಕ್ಲೀನರ್ ಹೊಡೆದು, ರಾಕರನ್ನು ಕೈಯಲ್ಲಿ ಒತ್ತಿ ಒತ್ತಿ ಬಿಟ್ಟರೆ ಬಿಡಿಸಿಕೊಳ್ಳುತ್ತದೆ.

ಇಪ್ಪತ್ತೈದು ಗಂಟೆ ಓಡಿದ ಮೇಲೆ ಗ್ಯಾಪನ್ನು ಇನ್ನೊಮ್ಮೆ ಅಳೆದು, ಹೆಡ್ ಕವರಿನ ಒಳಬದಿಯಲ್ಲೇ ಮಾರ್ಕರಿನಿಂದ ತಾರೀಖಿನ ಜೊತೆ ಬರೆಯಿರಿ. 0.20 ಇದ್ದ ಎಕ್ಸಾಸ್ಟ್ 0.17ಕ್ಕೆ ಬಂದಿದ್ದರೆ ಹೊಸ ಸೀಟು ಹದಕ್ಕೆ ಬಂದಿದೆ ಅಷ್ಟೇ, ಮತ್ತೆ 0.20ಕ್ಕೆ ಇಡಿ. ಸರಿ ಮಾಡಿದ ಪ್ರತಿ ಸಲವೂ ಗ್ಯಾಪ್ ಹಾಗೇ ಇಳಿಯುತ್ತಲೇ ಹೋದರೆ ವಾಲ್ವು ಸೀಟಿನೊಳಗೆ ಮುಳುಗುತ್ತಿದೆ, ಇಲ್ಲವೇ ಸೀಟಿನ ಉಂಗುರವೇ ಹೆಡ್ಡಿನಲ್ಲಿ ಕದಲುತ್ತಿದೆ. ಉಂಗುರ ಕದಲಿದ ಹೆಡ್ಡಿಗೆ ಇನ್ನು ಕೆಲಸ ಮಾಡಬೇಡಿ, ಹೊಸ ಹೆಡ್ಡು ತನ್ನಿ.